ನೂರಿಪ್ಪತ್ತಿನ ಬಿಪಿ

ಟೀ ಟ್ರೇ ಹಿಡಿದು ಬಂದ ಜವಾನ ಆ ದಿನ ಬೆಳಿಗ್ಗೆ ಟೀ ಇಟ್ಟು ಸುಮ್ಮನೆ ಹೋಗಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಸುಮ್ಮನೆ ಹೋಗುವುದು ಅವನ ಜಾಯಮಾನವಲ್ಲ. ಅದಕ್ಕೇ ಕಾರ್ಖಾನೆಯವರೆಲ್ಲ ಅವನನ್ನು ಟಾಂಟಾಂ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಹಾಕುವವರಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

“ಅಣ್ಣಾ, ವಿಷಯ ಗೊತ್ತಾಯ್ತಾ?” ಎಂದು ಟಾಂಟಾಂ ಪರೀಕ್ಷಾ ವಿಭಾಗದ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ. ಅವನ ಪಿಸುಮಾತು ಗೋಡೆಯಾಚೆಗೂ ಕೇಳುವಂಥದ್ದು.

ಎಡ ರಟ್ಟೆಗೆ ಬಿಪಿ ಯಂತ್ರದ ಪಟ್ಟಿ ಸುತ್ತಿಕೊಂಡು ಕುಳಿತಿದ್ದ ನೂರಿಪ್ಪತ್ತು, ಗೊತ್ತಿಲ್ಲವೆಂದು ತಲೆಯಾಡಿಸಿದ.

“ಔಟ್‌ಸೋರ್ಸಿಂಗಂತೆ ಅಣ್ಣಾ. ದೊಡ್ಡ ಸಾಹೇಬ್ರು ಫೋನಲ್ಲಿ ಹೇಳ್ತಿದ್ರು. ಜನಾನ ತೆಗೆದುಹಾಕ್ತಾರಂತೆ. ನನ್ನ ಎರಡೂ ಕಿವಿಯಿಂದ ಕೇಳಿದೀನಿ. ಇವತ್ತು ಮಧ್ಯಾಹ್ನ ನಮ್ಮ ಕೆಲಸ ವಹಿಸ್ಕೊಳ್ಳೋ ಕಂಪನಿಯವರೇ ನೋಡೋಕೆ ಬರ್ತಿದಾರೆ. ನೀವು ಗಾಬರಿ ಆಗಬಾರದು ಅಂತ ನಿಮಗೇ ಮೊದಲು ಹೇಳ್ತಿದೀನಿ.”

ಇಷ್ಟು ಹೇಳಿ, ತಲೆಯ ಮೇಲಿನ ಹೊರೆ ಇಳಿಸಿದವನ ನೆಮ್ಮದಿಯಲ್ಲಿ ಟಾಂಟಾಂ ಮುಂದಿನ ಮೇಜಿಗೆ ಹೋದ. ಹೊರೆ ಈಗ ನೂರಿಪ್ಪತ್ತಿನ ಎದೆಯ ಮೇಲೆ ಕುಳಿತಿತ್ತು.

ನೂರಿಪ್ಪತ್ತು ಎಂಬ ಹೆಸರು ಬಂದದ್ದು ಹೀಗೆ. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಬಿಪಿ ನೋಡುವ ಯಂತ್ರ. ಪ್ಯಾಕಿಂಗಿಗೆ ಹೋಗುವ ಮುನ್ನ ಪ್ರತಿ ಯಂತ್ರವನ್ನೂ ಒಂದು ಮೂಲ ಮಾಪಕದ ಜೊತೆ ಹೋಲಿಸಿ ನೋಡಬೇಕು ಎಂಬ ನಿಯಮವಿತ್ತು. ಆ ಮಾಪಕ ಒಮ್ಮೆ ಕೆಟ್ಟು ರಿಪೇರಿಗೆ ಹೋಯಿತು. ಅದು ಬರುವವರೆಗೆ ಏನು ಮಾಡುವುದೆಂದು ಸೂಪರ್‌ವೈಸರು ತಲೆ ಕೆರೆದುಕೊಳ್ಳುತ್ತಿದ್ದಾಗ, ಮೂಲೆಯಲ್ಲಿ ಕುಳಿತಿದ್ದ ಈ ಮನುಷ್ಯನ ರಟ್ಟೆ ಅವರ ಕಣ್ಣಿಗೆ ಬಿತ್ತು. ಬೆಳಿಗ್ಗೆ ನೋಡಿದರೂ ನೂರಿಪ್ಪತ್ತು–ಎಂಬತ್ತು, ಸಂಜೆ ನೋಡಿದರೂ ನೂರಿಪ್ಪತ್ತು–ಎಂಬತ್ತು. ಬೈದು ನೋಡಿದರು, ಅಷ್ಟೇ. ಹೊಗಳಿ ನೋಡಿದರು, ಅಷ್ಟೇ. ಮಾವ ತೀರಿಕೊಂಡ ಸುದ್ದಿ ಬಂದ ದಿನವೂ ಅಷ್ಟೇ ಇತ್ತು. ಆ ದಿನದ ಅಂಕಿ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಮಾಪಕ ರಿಪೇರಿಯಾಗಿ ವಾಪಸು ಬಂತೋ ಇಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ. ಅಂದಿನಿಂದ ಯಂತ್ರವನ್ನು ಅವನ ರಟ್ಟೆಗೆ ಕಟ್ಟುವುದು, ನೂರಿಪ್ಪತ್ತು ತೋರಿಸಿದರೆ ಹಸಿರು ಚೀಟಿ, ಬೇರೆ ಏನಾದರೂ ತೋರಿಸಿದರೆ ಕೆಂಪು ಚೀಟಿ. ತಪ್ಪು ಏನಿದ್ದರೂ ಯಂತ್ರದ್ದೇ.

ಒಟ್ಟಿನಲ್ಲಿ ಗಾಬರಿಯಾಗದೆ ಕುಳಿತಿರುವುದೇ ಅವನ ಉದ್ಯೋಗವಾಗಿತ್ತು. ಅದರಲ್ಲಿ ಅವನಷ್ಟು ನುರಿತವರು ಇನ್ನೊಬ್ಬರಿರಲಿಲ್ಲ.

ಟಾಂಟಾಂ ಅತ್ತ ಹೋದ ಮೇಲೆ ನೂರಿಪ್ಪತ್ತು ಒಂದು ಗುಟುಕು ಟೀ ಕುಡಿದು ಗುಂಡಿ ಒತ್ತಿದ. ಪಟ್ಟಿ ಉಬ್ಬಿತು, ರಟ್ಟೆಯನ್ನು ಹಿಂಡಿತು, ಉಸ್ಸೆಂದು ಇಳಿಯಿತು. ನೂರ ಐವತ್ತೆರಡು.

“ಕೆಟ್ಟಿದೆ,” ಎಂದು ಗೊಣಗಿ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಟ್ಟ.

ಮುಂದಿನದು ನೂರ ಐವತ್ತೆಂಟು. ಅದರ ಮುಂದಿನದು ನೂರ ಅರವತ್ತೊಂದು. ಅಂಕಿ ಟ್ಯಾಕ್ಸಿ ಮೀಟರಿನಂತೆ ಏರುತ್ತಲೇ ಹೋಯಿತು. ಒಂದೇ ದಿನ ಇಷ್ಟು ಯಂತ್ರ ಕೆಡುವುದು ಹೇಗೆ? ಅನುಮಾನ ಬಂದು, ನಿನ್ನೆಯಷ್ಟೇ ತಾನು ಹಸಿರು ಚೀಟಿ ಅಂಟಿಸಿದ್ದ ಒಂದು ಯಂತ್ರವನ್ನು ತಂದು ಕಟ್ಟಿಕೊಂಡ. ನೂರ ಅರವತ್ತೆಂಟು.

ಯಂತ್ರ ಸರಿಯಾಗಿದೆ. ಕೆಟ್ಟಿರುವುದು ತಾನು.

ಬೇರೆ ಯಾರಾದರೂ ಆಗಿದ್ದರೆ ಸೂಪರ್‌ವೈಸರ ಹತ್ತಿರ ಹೋಗಿ, “ಸರ್, ನನಗೆ ಇವತ್ತು ಹುಷಾರಿಲ್ಲ” ಎಂದು ಹೇಳಿ ಮನೆಗೆ ಹೋಗುತ್ತಿದ್ದರು. ನೂರಿಪ್ಪತ್ತು ಎದ್ದು ನಿಂತದ್ದೂ ಹೌದು. ಆದರೆ ಜನರನ್ನು ತೆಗೆಯುವ ದಿನವೇ ನನ್ನ ರಟ್ಟೆ ಕೆಟ್ಟಿದೆ ಎಂದು ತಾನಾಗಿಯೇ ಹೋಗಿ ಹೇಳುವುದುಂಟೇ? ಅವನು ಮತ್ತೆ ಕುಳಿತ. ಇನ್ನೊಂದು ಯಂತ್ರ ಎತ್ತಿಕೊಂಡ. ಕೆಂಪು ಚೀಟಿ ಅಂಟಿಸಿದ.

ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು.

“ರೀ, ನಿಮ್ಮ ಕೆಲಸ ಹೋಯ್ತಂತೆ?” ಹೆಂಡತಿಯ ದನಿ ಅಳುವುದಕ್ಕೂ ಬೈಯುವುದಕ್ಕೂ ನಡುವೆ ನಿಂತಿತ್ತು.

“ಯಾರೇ ಹೇಳಿದ್ದು ನಿನಗೆ?”

“ಟಾಂಟಾಂ ಹೆಂಡತಿ ಮೇಲಿನ ಮನೆಯವರಿಗೆ ಫೋನ್ ಮಾಡಿದ್ರಂತೆ. ಮೇಲಿನ ಮನೆಯವರು ಇಲ್ಲೇ ಇದಾರೆ. ನಮ್ಮ ಅಡುಗೆಮನೇಲಿ ಕೂತು ನನಗೆ ಧೈರ್ಯ ಹೇಳ್ತಿದಾರೆ.”

ಹಿನ್ನೆಲೆಯಲ್ಲಿ ಆ ಧೈರ್ಯ ಸ್ಪಷ್ಟವಾಗಿ ಕೇಳಿಸುತ್ತಿತ್ತು. “ಅಳಬೇಡಮ್ಮಾ, ನನ್ನ ತಮ್ಮನಿಗೂ ಹೀಗೇ ಆಗಿತ್ತು. ಮೊದಲು ಸ್ವಲ್ಪ ಕಷ್ಟ ಆಗುತ್ತೆ. ಆಮೇಲೆ ಯಾರೂ ಮನೆ ಕಡೆ ಬರೋದೇ ಇಲ್ಲ, ಆರಾಮಾಗಿರಬಹುದು!”

“ಕೆಲಸ ಹೋಗಿಲ್ಲ ಕಣೇ. ಇನ್ನೂ ಹೋಗಿಲ್ಲ,” ಎಂದ ನೂರಿಪ್ಪತ್ತು.

“ಇನ್ನೂ ಅಂದ್ರೆ? ಮಗಳ ಓದು ಮುಗಿದಿಲ್ಲ. ಮನೇಲಿ ಕೂತು ಏನ್ ಮಾಡ್ತೀರಿ? ಸುಮ್ಮನಿರೋದು ಬಿಟ್ಟರೆ ನಿಮಗೆ ಇನ್ನೇನು ಬರುತ್ತೆ?”

ಅವಳು ನೋಯಿಸಬೇಕೆಂದು ಹೇಳಿದ ಮಾತಲ್ಲ. ನಿಜವಾದ್ದರಿಂದ ನೋವಾಯಿತು. ಫೋನಿಟ್ಟು ಮುಂದಿನ ಯಂತ್ರ ಕಟ್ಟಿಕೊಂಡಾಗ ನೂರ ಎಪ್ಪತ್ತಾರು ಬಂತು.

ಕೆಂಪು ಚೀಟಿಯ ಯಂತ್ರಗಳು ಮೇಜು ತುಂಬಿ, ನೆಲಕ್ಕಿಳಿದು, ಗೋಡೆಗೊರಗಿ ಗುಡ್ಡವಾಗುತ್ತಿದ್ದ ಹೊತ್ತಿಗೆ ಸೂಪರ್‌ವೈಸರು ಬಂದರು. ಅವರ ಕಿವಿಗೂ ಟಾಂಟಾಂ ಸುದ್ದಿ ಹಾಕಿಯಾಗಿತ್ತು. ಗುಡ್ಡ ನೋಡಿದ್ದೇ ತಡ, ಅವರ ಮುಖ ನೀರಲ್ಲಿ ನೆನೆದ ರಟ್ಟಿನಂತೆ ಮೆತ್ತಗಾಯಿತು.

“ಏನ್ರೀ ಇದು? ಇವತ್ತೇ ಆಗಬೇಕಿತ್ತಾ? ಇಷ್ಟೂ ಕೆಟ್ಟಿದಾವಾ?”

“ನಾನೇನು ಮಾಡ್ಲಿ ಸರ್? ತೋರಿಸಿದ್ದನ್ನ ಬರೀತಿದೀನಿ,” ಎಂದ ನೂರಿಪ್ಪತ್ತು, ನೆಲ ನೋಡುತ್ತಾ.

“ಪಟ್ಟೀದೇ ತೊಂದರೆ. ಹೊಲಿಗೆ ಸಡಿಲ ಆಗಿರುತ್ತೆ. ಕರೀರಿ ಆ ಅಕ್ಕನ್ನ!”

ಪಟ್ಟಿ ಹೊಲಿಯುವ ವಿಭಾಗದ ಯಜಮಾನಿಯಂತಿದ್ದ ಹೊಲಿಗೆ ಅಕ್ಕ ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ದಾರಿಯಲ್ಲೇ ಅವಳಿಗೆ ಎಲ್ಲವೂ ಗೊತ್ತಾಗಿತ್ತು.

“ನನ್ನ ಹೊಲಿಗೆ ಬಗ್ಗೆ ಮಾತಾಡ್ತೀರಾ ಸರ್? ನಾನು ಹೊಲಿದ ಪಟ್ಟೀನ ಆನೆ ಕಾಲಿಗೆ ಕಟ್ಟಿದ್ರೂ ಬಿಚ್ಚಿಕೊಳ್ಳಲ್ಲ! ನಮ್ಮ ವಿಭಾಗಾನೇ ಮೊದಲು ಹೊರಗೆ ಹಾಕ್ಬೇಕು ಅಂತ ನೀವೆಲ್ಲ ಸೇರಿ ಈ ನಾಟಕ ಮಾಡ್ತಿದೀರಿ!”

“ನಾಟಕ ಯಾರು ಮಾಡ್ತಿದಾರೆ? ಯಂತ್ರ ಹೇಳ್ತಿದೆ, ಯಂತ್ರ!”

“ಯಂತ್ರ ಏನು ಹೇಳುತ್ತೋ ನನ್ನ ಕೈಗೂ ಹೇಳಲಿ. ಕಟ್ಟಿ ಇಲ್ಲಿ!”

ಕಟ್ಟಿದರು. ಕತ್ತರಿಯನ್ನು ಝಳಪಿಸುತ್ತಿದ್ದ ಆ ಕೈಯಲ್ಲಿ ನೂರ ತೊಂಬತ್ತು ಬಂತು.

ಸೂಪರ್‌ವೈಸರು ತಮ್ಮ ಅಂಗಿಯ ತೋಳನ್ನೇ ಮೇಲಕ್ಕೇರಿಸಿದರು. ನೂರ ಎಂಬತ್ತೆರಡು. ಗಲಾಟೆ ಕೇಳಿ ಕಾರ್ಮಿಕ ಸಂಘದ ಲೀಡರು ಬಂದ. ಅವನು ಮೈಕ್ ಇಲ್ಲದಾಗಲೂ ಮೈಕ್ ಮುಂದೆ ನಿಂತವನಂತೆ ಮಾತಾಡುತ್ತಿದ್ದ. ಅವನಿಗೂ ಕಟ್ಟಿದರು. ಅಂಕಿ ಇನ್ನೂರೈವತ್ತು ದಾಟಿದ ಮೇಲೆ ಯಂತ್ರ ತಾನೇ ಹೆದರಿ ಎರರ್ ತೋರಿಸಿ ನಿಂತುಬಿಟ್ಟಿತು. ಪ್ಯಾಕಿಂಗಿನವರು, ಸ್ಟೋರಿನವರು, ಸರ್ಕ್ಯೂಟ್ ಬೋರ್ಡು ಬೆಸೆಯುವವರು ಒಬ್ಬೊಬ್ಬರಾಗಿ ಕೈ ಕೊಟ್ಟರು. ಒಬ್ಬರದ್ದೂ ನೂರೈವತ್ತಕ್ಕಿಂತ ಕೆಳಗಿರಲಿಲ್ಲ. ಬೆಳಗಿನಿಂದ ಟಾಂಟಾಂ ಕಾಲಿಡದ ಮೂಲೆಯೇ ಆ ಕಾರ್ಖಾನೆಯಲ್ಲಿ ಉಳಿದಿರಲಿಲ್ಲ.

“ಸ್ನೇಹಿತರೇ,” ಎಂದ ಲೀಡರು, “ಇಷ್ಟು ಜನಕ್ಕೆ ಒಟ್ಟಿಗೆ ಬಿಪಿ ಬರೋಕೆ ಸಾಧ್ಯವಾ? ಇಲ್ಲ! ಯಂತ್ರಗಳೇ ಕೆಟ್ಟಿವೆ. ಇದು ಆಡಳಿತ ವರ್ಗದ ಕಳಪೆ ಬಿಡಿಭಾಗಗಳ ಫಲ!”

ಎಲ್ಲರೂ ಹೌದು ಹೌದು ಎಂದರು. ನೂರಿಪ್ಪತ್ತು ಒಬ್ಬನೇ ಬಾಯಿ ಬಿಡಲಿಲ್ಲ. ಅವನ ಹಣೆಯಿಂದ ಇಳಿದ ಬೆವರು ಮೂಗಿನ ತುದಿಯಲ್ಲಿ ತೂಗಾಡುತ್ತಿತ್ತು.

ಆಗಲೇ ಬಾಗಿಲಲ್ಲಿ ಟಾಂಟಾಂ ಕಾಣಿಸಿಕೊಂಡು, “ಬಂದ್ರು! ಬಂದ್ರು!” ಎಂದು ಕೂಗಿ ಮಾಯವಾದ.

ದೊಡ್ಡ ಸಾಹೇಬರು ಮುಂದೆ, ಅವರ ಹಿಂದೆ ಗರಿಗರಿ ಕೋಟಿನ ಮೂವರು ಅತಿಥಿಗಳು. ಸಾಹೇಬರ ಮುಖದಲ್ಲಿ ಅವತ್ತಿಗೆಂದೇ ಇಸ್ತ್ರಿ ಮಾಡಿಸಿಕೊಂಡು ಬಂದಂಥ ನಗು. “ಇದು ನಮ್ಮ ಪರೀಕ್ಷಾ ವಿಭಾಗ. ನಮ್ಮ ಹೆಮ್ಮೆ,” ಎಂದು ಕೈ ಚಾಚಿದವರು, ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು ನಿಂತರು. ಅವರ ಬೆರಳಿನ ನೇರಕ್ಕೆ ಕೆಂಪು ಚೀಟಿಗಳ ಗುಡ್ಡವಿತ್ತು.

ಅತಿಥಿಗಳಲ್ಲಿ ಹಿರಿಯರು ಹತ್ತಿರ ಹೋಗಿ ಒಂದು ಯಂತ್ರ ಎತ್ತಿ ನೋಡಿದರು. ಇನ್ನೊಂದನ್ನು ನೋಡಿದರು. “ಕೆಂಪು ಅಂದರೆ?” ಎಂದು ಕೇಳಿದರು.

“ಕೆಂಪು ಅಂದರೆ...” ಸಾಹೇಬರು ತಡವರಿಸಿದರು. “ಸರ್, ಏನೋ ಸಣ್ಣ ತಪ್ಪು ತಿಳಿವಳಿಕೆ ಇರಬೇಕು. ನಮ್ಮ ಯಂತ್ರದಲ್ಲಿ ತಪ್ಪು ಬರೋದೇ ಇಲ್ಲ. ನೋಡಿ, ನನಗೇ ಕಟ್ಟಿ ತೋರಿಸ್ತೀನಿ. ನಾನು ದಿನಾ ವಾಕಿಂಗ್ ಹೋಗ್ತೀನಿ, ಉಪ್ಪು ಮುಟ್ಟಲ್ಲ.”

ಅವರೇ ಕೋಟು ಬಿಚ್ಚಿ, ತೋಳು ಮಡಚಿ, ಪಟ್ಟಿ ಕಟ್ಟಿಕೊಂಡು ಗುಂಡಿ ಒತ್ತಿದರು. ನೂರ ತೊಂಬತ್ತೇಳು.

ಹಿರಿಯ ಅತಿಥಿ ಉಳಿದಿಬ್ಬರ ಮುಖ ನೋಡಿದರು. ಅವರು ಗಡಿಯಾರ ನೋಡಿದರು. ಮೂವರೂ ಬಹಳ ಮರ್ಯಾದೆಯಿಂದ ತಲೆಬಾಗಿ, ಟಾಂಟಾಂ ತಂದ ಟೀಯನ್ನೂ ಮುಟ್ಟದೆ ಹೊರಟುಬಿಟ್ಟರು. ಸಾಹೇಬರು ಅರ್ಧ ಕೋಟು ತೊಟ್ಟುಕೊಂಡು, ಇನ್ನರ್ಧ ನೆಲಕ್ಕೆ ಎಳೆಯುತ್ತಾ ಅವರ ಹಿಂದೆ ಓಡಿದರು.

ಕಿಟಕಿಯಿಂದ ಇಣುಕಿದವರಿಗೆ ಕಾರು ಗೇಟು ದಾಟಿದ್ದು ಕಾಣಿಸಿತು.

“ಹೋದ್ರು!” ಎಂದಳು ಹೊಲಿಗೆ ಅಕ್ಕ.

“ಓಡಿಸಿಬಿಟ್ವಿ!” ಎಂದು ಲೀಡರು ಮುಷ್ಟಿ ಎತ್ತಿದ. “ನಮ್ಮ ಕೆಲಸ ಕಿತ್ಕೊಳ್ಳೋಕೆ ಬಂದವರು ಬಾಲ ಮುದುರಿಕೊಂಡು ಹೋದ್ರು! ಔಟ್‌ಸೋರ್ಸಿಂಗಿಗೆ—”

“ಧಿಕ್ಕಾರ!” ಎಂದು ಎಲ್ಲರೂ ಕೂಗಿದರು. ಸೂಪರ್‌ವೈಸರು ಕೂಡ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಸಣ್ಣದಾಗಿ ಕೂಗಿದರು.

ಗದ್ದಲ ಸ್ವಲ್ಪ ಇಳಿದ ಮೇಲೆ ಹೊಲಿಗೆ ಅಕ್ಕನಿಗೆ ಚಿಂತೆ ಹತ್ತಿತು. “ಅವರೇನೋ ಹೋದ್ರು. ಈ ಕೆಟ್ಟ ಯಂತ್ರಗಳನ್ನ ಏನ್ ಮಾಡೋದು? ಎಲ್ಲಾ ಬಿಚ್ಚಿ ಮತ್ತೆ ಕೂಡಿಸಬೇಕಲ್ಲ, ಬೆನ್ನು ಮುರೀತು ಅನ್ಕೊಳ್ಳಿ.”

ನೂರಿಪ್ಪತ್ತಿಗೆ ತಡೆಯಲಾಗಲಿಲ್ಲ. ಅಪಾಯ ಕಳೆಯಿತೆಂಬ ಖುಷಿಯಲ್ಲಿ ನಾಲಿಗೆ ಸಡಿಲವಾಗಿತ್ತು. “ಬಿಚ್ಚೋದು ಬೇಡ ಅಕ್ಕಾ. ಯಂತ್ರಕ್ಕೇನೂ ಆಗಿಲ್ಲ. ಎಲ್ಲಾ ಸರಿಯಾಗೇ ಇವೆ.”

ಎಲ್ಲರೂ ಅವನತ್ತ ತಿರುಗಿದರು.

“ಸರಿಯಾಗಿವೆಯಾ? ಮತ್ತೆ ಕೆಂಪು ಚೀಟಿ?” ಲೀಡರನ ಕಣ್ಣು ನಿಧಾನವಾಗಿ ಅಗಲವಾಯಿತು. “ಅಂದ್ರೆ... ನೀವು ಬೇಕೂಂತ್ಲೇ ಅಂಟಿಸಿದ್ರಾ? ಆ ಕಂಪನಿಯವರನ್ನ ಓಡಿಸೋಕೆ?”

ಇಲ್ಲ, ಹೆದರಿ ನನ್ನ ಬಿಪಿ ಏರಿತ್ತು ಎಂದು ಹೇಳಲು ನೂರಿಪ್ಪತ್ತು ಬಾಯಿ ತೆರೆದ. ಆದರೆ ಅಷ್ಟೊಂದು ಜೊತೆ ಕಣ್ಣುಗಳು ಅಷ್ಟೊಂದು ಮೆಚ್ಚುಗೆಯಿಂದ ಅವನನ್ನು ನೋಡಿದ್ದು ಅವನ ಜೀವಮಾನದಲ್ಲೇ ಮೊದಲು. ಮದುವೆಯ ದಿನವೂ ಎಲ್ಲರೂ ಹೆಂಡತಿಯನ್ನೇ ನೋಡಿದ್ದರು. ಇಷ್ಟು ವರ್ಷ ಅವನ ರಟ್ಟೆಯನ್ನು ನೋಡಿದವರುಂಟು, ಮುಖ ನೋಡಿದವರಿಲ್ಲ.

“ಹೂಂ,” ಎಂದ.

ಅಷ್ಟೇ ಸಾಕಾಯಿತು. ಅವನನ್ನು ಎತ್ತಿ ಪ್ಯಾಕಿಂಗ್ ತಳ್ಳುಗಾಡಿಯ ಮೇಲೆ ಕೂರಿಸಿದರು. ಗಾಡಿಯ ಒಂದು ಚಕ್ರ ಸೊಟ್ಟಗಿದ್ದುದರಿಂದ ಮೆರವಣಿಗೆ ಪ್ರತಿ ತಿರುವಿನಲ್ಲೂ ಗೋಡೆಗೆ ಡಿಕ್ಕಿ ಹೊಡೆಯುತ್ತಾ ಕಾರ್ಖಾನೆಯನ್ನು ಸುತ್ತಿ ಕ್ಯಾಂಟೀನಿಗೆ ಬಂತು. ಕ್ಯಾಂಟೀನಿನವನು ಎಲ್ಲರಿಗೂ ಬನ್ನು ಹಂಚಿದ. ಹೊಲಿಗೆ ಅಕ್ಕ ತನ್ನ ಪಾಲಿನದನ್ನೂ ನೂರಿಪ್ಪತ್ತಿನ ತಟ್ಟೆಗೆ ಹಾಕಿ, “ಸೂಪರ್‌ವೈಸರು ನನ್ನ ಮೇಲೆ ಕೂಗಾಡಿದಾಗ್ಲೂ ತುಟಿ ಪಿಟಕ್ ಅನ್ನದೆ ಕೂತಿದ್ರಲ್ಲ ಅಣ್ಣಾ, ಎಂಥ ಗಟ್ಟಿ ಮನಸ್ಸು!” ಎಂದಳು.

“ಹೇಳಿ, ಈ ಯೋಚನೆ ನಿಮಗೆ ಹೇಗೆ ಬಂತು?” ಎಂದು ಸ್ಟೋರಿನವನು ಕೇಳಿದ.

“ಬೆಳಿಗ್ಗೆ ಟೀ ಕುಡೀತಾ ಬಂತು,” ಎಂದ ನೂರಿಪ್ಪತ್ತು. ಒಮ್ಮೆ ಶುರುವಾದ ಮೇಲೆ ಸುಳ್ಳು ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು. “ಸದ್ದಿಲ್ಲದೆ ಹೊಡೀಬೇಕು ಅನ್ಕೊಂಡೆ. ಕೂಗಾಡಿದ್ರೆ ಏನು ಬಂತು?”

ಕೂಗಾಡುವುದೇ ಕಸುಬಾಗಿದ್ದ ಲೀಡರಿಗೆ ಈ ಮಾತು ಅಷ್ಟೇನೂ ರುಚಿಸಲಿಲ್ಲ. ಆದರೂ ಜೋರಾಗಿ ಚಪ್ಪಾಳೆ ತಟ್ಟಿದ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ದೊಡ್ಡ ಸಾಹೇಬರು ಒಳಗೆ ಬಂದರು. ಟೈ ಕುತ್ತಿಗೆಯ ಹಿಂದೆ ಹೋಗಿತ್ತು. ಒಂದು ಕುರ್ಚಿ ಎಳೆದುಕೊಂಡು ಕುಸಿದು ಕುಳಿತರು.

“ಯಾಕ್ರಪ್ಪಾ, ಏನು ಸಂಭ್ರಮ?”

ಲೀಡರು ಎದೆ ಉಬ್ಬಿಸಿ ಎದ್ದ. “ಸರ್, ಇನ್ನು ಮುಚ್ಚುಮರೆ ಯಾಕೆ? ನಿಮ್ಮ ಔಟ್‌ಸೋರ್ಸಿಂಗ್ ಆಟ ನಮಗೆ ಗೊತ್ತಾಗಿದೆ. ಇವರು ನಮ್ಮೆಲ್ಲರ ಕೆಲಸ ಉಳಿಸಿದಾರೆ. ಯಂತ್ರಗಳು ಸರಿಯಾಗಿದ್ರೂ ಬೇಕೂಂತ್ಲೇ ಕೆಂಪು ಚೀಟಿ ಅಂಟಿಸಿದ್ದು ಇವರೇ!” ಎಂದು ನೂರಿಪ್ಪತ್ತಿನ ಬೆನ್ನು ತಟ್ಟಿದ. ಬನ್ನು ಗಂಟಲಲ್ಲಿ ಸಿಕ್ಕಿಕೊಂಡು ನೂರಿಪ್ಪತ್ತು ಕೆಮ್ಮಿದ.

ಸಾಹೇಬರು ಬೈಯಲೂ ಶಕ್ತಿಯಿಲ್ಲದ ದನಿಯಲ್ಲಿ ಕೇಳಿದರು.

“ಅವರು ಯಾರ ಕೆಲಸ ಕಿತ್ಕೊಳ್ಳೋಕೆ ಬಂದಿದ್ರು ಅನ್ಕೊಂಡಿದೀರಿ?”

“ನಮ್ಮದು!”

“ಅವರ ಕಾರ್ಖಾನೆ ಕೆಲಸಾನ ನಮಗೆ ಔಟ್‌ಸೋರ್ಸ್ ಮಾಡೋಕೆ ಬಂದಿದ್ರು ಕಣ್ರೀ! ನಮಗೆ! ಅವರ ಯಂತ್ರಗಳೆಲ್ಲ ಇನ್ನು ಮೇಲೆ ಇಲ್ಲಿ ತಯಾರಾಗೋದಿತ್ತು. ಈಗಿರೋರು ಸಾಲಲ್ಲ, ಹೊಸದಾಗಿ ಜನರನ್ನ ತೆಗೆದುಕೊಳ್ಳಬೇಕು ಅಂತ ಬೆಳಿಗ್ಗೆ ತಾನೆ ಫೋನಲ್ಲಿ ಮಾತಾಡಿದ್ದೆ.”

ಕ್ಯಾಂಟೀನಿನಲ್ಲಿ ಅಗಿಯುವ ಸದ್ದೂ ನಿಂತಿತು. ಎಲ್ಲರ ಕಣ್ಣು ನಿಧಾನವಾಗಿ ಬಾಗಿಲ ಬಳಿ ಲೋಟ ಜೋಡಿಸುತ್ತಿದ್ದ ಟಾಂಟಾಂ ಕಡೆಗೆ ಹೊರಳಿತು.

“‘ತೆಗೆದು’ ಅನ್ನೋ ತನಕ ಕೇಳಿಸ್ತು ಸರ್,” ಎಂದ ಟಾಂಟಾಂ, ಸ್ವಲ್ಪವೂ ಅಳುಕದೆ. “ಅಷ್ಟರಲ್ಲಿ ಬಾಗಿಲು ಮುಚ್ಕೊಳ್ತು. ಉಳಿದದ್ದು ಒಳಗೇ ಉಳೀತು.”

ಸಾಹೇಬರು ಮುಂದುವರಿಸಿದರು. “ಪರೀಕ್ಷಾ ವಿಭಾಗಾನ ದೊಡ್ಡದು ಮಾಡಿ, ಇವರನ್ನೇ ಮುಖ್ಯಸ್ಥರನ್ನಾಗಿ ಮಾಡೋಣ ಅಂತ ತೀರ್ಮಾನ ಆಗಿತ್ತು. ಈಗ ಅವರು ಬೇರೆ ಕಡೆ ಹೋದ್ರು. ಈ ಆರ್ಡರು ನಂಬ್ಕೊಂಡೇ ಇಷ್ಟು ದಿನ ಯಾರನ್ನೂ ಮುಟ್ಟದೆ ಇಟ್ಕೊಂಡಿದ್ದೆ. ಇನ್ನು ಆಗಲ್ಲ. ಕೆಲವರನ್ನ ಕಳಿಸಲೇಬೇಕು. ಯಾರಿಂದ ಶುರು ಮಾಡೋದು ಅಂತ ದಾರೀಲಿ ಯೋಚನೆ ಮಾಡ್ತಾ ಬಂದೆ. ನೀವೇ ಹೇಳಿಬಿಟ್ರಿ.”

ಹೊಲಿಗೆ ಅಕ್ಕ ನೂರಿಪ್ಪತ್ತಿನ ತಟ್ಟೆಯಿಂದ ತನ್ನ ಬನ್ನನ್ನು ಸದ್ದಿಲ್ಲದೆ ವಾಪಸು ತೆಗೆದುಕೊಂಡಳು. ಲೀಡರು ಅವನ ಬೆನ್ನ ಮೇಲಿದ್ದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡ. “ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ ಸರ್. ಇದು ಇವರ ವೈಯಕ್ತಿಕ ಕೃತ್ಯ,” ಎಂದ.

“ಸರ್!” ನೂರಿಪ್ಪತ್ತು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. “ಬೇಕೂಂತ ಮಾಡಿದ್ದಲ್ಲ ಸರ್! ಆಗ ಹೇಳಿದ್ದು ಸುಳ್ಳು. ಹೆದರಿಕೆಗೆ ನಿಜವಾಗ್ಲೂ ನನ್ನ ಬಿಪಿ ಏರಿತ್ತು. ನನ್ನ ಮಗಳಾಣೆ!”

“ನಿಮ್ಮ ಬಿಪಿ ಏರೋದಾ? ನಿಮ್ಮದು ಯಾವತ್ತಾದ್ರೂ ಏರಿದೆಯೇನ್ರೀ?” ಎಂದರು ಸೂಪರ್‌ವೈಸರು. ತಾವು ಘೋಷಣೆ ಕೂಗಿದ್ದನ್ನು ಸಾಹೇಬರಿಗೆ ಯಾರೂ ಹೇಳದಿರಲೆಂದು ಅವರು ಆಗಿನಿಂದ ಹಾರೈಸುತ್ತಿದ್ದರು.

“ಬೇಕಾದ್ರೆ ನೋಡಿ ಸರ್! ಈಗಲೇ ನೋಡಿ!”

ಗುಡ್ಡದಿಂದ ಒಂದು ಯಂತ್ರ ತಂದರು. ಪಟ್ಟಿ ಕಟ್ಟುವಾಗ ನೂರಿಪ್ಪತ್ತು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಜೀವನವಿಡೀ ಇಳಿಸಿಟ್ಟುಕೊಂಡಿದ್ದ ಬಿಪಿ ಈಗ ಏರಿರಲಿ, ತನ್ನ ಮರ್ಯಾದೆ ಉಳಿಸುವಷ್ಟಾದರೂ ಏರಿರಲಿ. ಪಟ್ಟಿ ಉಬ್ಬಿತು, ಇಳಿಯಿತು. ಇನ್ನೂರ ನಾಲ್ಕು.

“ನೋಡಿದ್ರಾ ಸರ್!” ನೂರಿಪ್ಪತ್ತು ಕುಣಿದಾಡಿಬಿಟ್ಟ. “ನಾನು ಹೇಳಲಿಲ್ವಾ? ಮೋಸ ಮಾಡಿಲ್ಲ ಸರ್, ನನಗೆ ಬಿಪಿ ಇದೆ!”

ಸಾಹೇಬರ ಮುಖ ಮೆತ್ತಗಾಯಿತು. ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಪಾಪ, ನೀವು ಪ್ರಾಮಾಣಿಕರು. ನಾನು ತಪ್ಪು ತಿಳ್ಕೊಂಡೆ. ಮೋಸಗಾರ ಅಂತ ಕಳಿಸಿದ್ರೆ ನನಗೂ ನೋವಾಗ್ತಿತ್ತು.”

“ಹಾಗಾದ್ರೆ ನನ್ನ ಕೆಲಸ ಸರ್?”

“ಕೆಲಸ ಹೇಗ್ರೀ? ಬಿಪಿ ಇರೋ ರಟ್ಟೆ ಇಟ್ಕೊಂಡು ಬಿಪಿ ಯಂತ್ರ ಹೇಗೆ ಪರೀಕ್ಷೆ ಮಾಡೋದು? ಮನೇಲಿ ವಿಶ್ರಾಂತಿ ತಗೊಳ್ಳಿ. ಆರೋಗ್ಯ ಮುಖ್ಯ.”

ಕ್ಯಾಂಟೀನಿನಲ್ಲಿ ಒಂದು ಸಣ್ಣ ಮರುಕದ ಅಲೆ ಎದ್ದಿತು. ಅದು ಪೂರ್ತಿ ಏಳುವ ಮೊದಲೇ ಎಲ್ಲರಿಗೂ ಒಂದೇ ವಿಷಯ ಹೊಳೆಯಿತು. ಜನರನ್ನು ಕಳಿಸುವ ಈ ಕಾಲದಲ್ಲಿ ಪರೀಕ್ಷಾ ವಿಭಾಗದ ಕುರ್ಚಿಯೊಂದು ಖಾಲಿಯಾಗಿದೆ.

ಮೊದಲು ತೋಳು ಮಡಚಿದವನು ಲೀಡರು. “ಕಾರ್ಮಿಕರ ಹಿತಕ್ಕಾಗಿ ನನ್ನ ರಟ್ಟೆ ಕೊಡೋಕೆ ಸಿದ್ಧ ಸರ್.” ಅವನ ಹಿಂದೆ ಸೂಪರ್‌ವೈಸರು. ಅವರ ಹಿಂದೆ ಹೊಲಿಗೆ ಅಕ್ಕ, ಸ್ಟೋರಿನವನು, ಪ್ಯಾಕಿಂಗಿನವರು. ಸಾಲು ಕ್ಯಾಂಟೀನು ದಾಟಿ ಹೊರಗೆ ಬೆಳೆಯಿತು.

“ನೀವೇ ನೋಡಿಬಿಡಿ,” ಎಂದು ಸಾಹೇಬರು ನೂರಿಪ್ಪತ್ತಿಗೆ ಹೇಳಿದರು. “ಇದರಲ್ಲಿ ನಿಮಗಿರೋ ಅನುಭವ ಯಾರಿಗೂ ಇಲ್ಲ. ಹೋಗೋ ಮುಂಚೆ ಇದೊಂದು ಉಪಕಾರ ಮಾಡಿ.”

ನೂರಿಪ್ಪತ್ತು ಒಬ್ಬೊಬ್ಬರಿಗೂ ಪಟ್ಟಿ ಕಟ್ಟಿದ. ಒಬ್ಬೊಬ್ಬರೂ ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು, ಪರೀಕ್ಷೆಗೆ ಕುಳಿತ ಮಕ್ಕಳ ಹಾಗೆ ತುಟಿ ಅಲುಗಿಸುತ್ತಾ ಕುಳಿತರು. ಕೆಲಸ ಬೇಕೆಂದು ಹಂಬಲಿಸಿದಷ್ಟೂ ಅಂಕಿ ಮೇಲೇರಿತು. ಲೀಡರಿಗೆ ಈ ಬಾರಿಯೂ ಯಂತ್ರ ಎರರ್ ತೋರಿಸಿತು. ಸಾಲು ಮುಗಿಯುತ್ತಾ ಬಂದಂತೆ ನೂರಿಪ್ಪತ್ತಿನ ಎದೆಯಲ್ಲಿ ಆಸೆ ಚಿಗುರಿತು. ಯಾರೂ ಸಿಗದಿದ್ದರೆ? ಮಾತ್ರೆ ನುಂಗಿ, ಒಂದು ವಾರ ಮಲಗಿ ಎದ್ದು ಬಂದರೆ? ಸಾಹೇಬರು ಮತ್ತೆ ತನ್ನನ್ನೇ ಕರೆಯಬೇಕಲ್ಲವೇ?

“ಇನ್ಯಾರೂ ಇಲ್ವಾ?” ಎಂದರು ಸಾಹೇಬರು.

ಯಾರೂ ಇರಲಿಲ್ಲ. ಖಾಲಿ ಲೋಟ ಎತ್ತಲು ಬಂದ ಟಾಂಟಾಂ ಒಬ್ಬನೇ ಇದ್ದ.

“ಬಾರಪ್ಪಾ, ನೀನೂ ಕೂತ್ಕೋ.”

“ನನಗ್ಯಾಕೆ ಸರ್? ಲೋಟ ತೊಳೀಬೇಕು,” ಎನ್ನುತ್ತಲೇ ಟಾಂಟಾಂ ಕುಳಿತ. ಪಟ್ಟಿ ಕಟ್ಟಿಸಿಕೊಳ್ಳುವಾಗ ಆಕಳಿಸಿದ. ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳದ ಮನುಷ್ಯ. ಸಂಕಟವೆಲ್ಲ ಬೆಳಿಗ್ಗೆಯೇ ಊರವರ ಕಿವಿಗೆ ಹೋಗಿ ಅವನು ಹಗುರವಾಗಿದ್ದ.

ಪಟ್ಟಿ ಉಬ್ಬಿತು. ಇಳಿಯಿತು. ಯಂತ್ರದ ಕಿಟಕಿಯಲ್ಲಿ ಮೂಡಿದ ಅಂಕಿ ಕಂಡದ್ದು ನೂರಿಪ್ಪತ್ತಿಗೆ ಮಾತ್ರ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ನೂರ ಅರವತ್ತು ಎಂದುಬಿಟ್ಟರೆ ಮುಗಿಯಿತು. ನೂರ ಎಪ್ಪತ್ತು ಎಂದರೂ ನಡೆಯುತ್ತದೆ. ಬೆಳಗಿನಿಂದ ಅಷ್ಟೊಂದು ಸುಳ್ಳು ಹೇಳಿದ್ದಾನೆ, ಇನ್ನೊಂದು ಹೆಚ್ಚಲ್ಲ. ಆದರೆ ವರ್ಷಗಟ್ಟಲೆ ಅಂಕಿಯನ್ನು ಇದ್ದಂತೆಯೇ ಓದಿದ ಬಾಯಿ ಅವನು ತಡೆಯುವ ಮೊದಲೇ ಓದಿಬಿಟ್ಟಿತು.

“ನೂರಿಪ್ಪತ್ತು, ಎಂಬತ್ತು.”

ಹೋ ಎಂದು ಕೂಗು ಎದ್ದಿತು. ಸೊಟ್ಟ ಚಕ್ರದ ಗಾಡಿ ಮತ್ತೆ ಬಂತು. ಲೀಡರು ಟಾಂಟಾಂನನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಕೂರಿಸಿದ. ಸಾಹೇಬರು ನಾಳೆಯಿಂದಲೇ ಹೊಸ ಕುರ್ಚಿಗೆ ಬಾ ಎಂದರು. ಗದ್ದಲದ ನಡುವೆ ನೂರಿಪ್ಪತ್ತು ತನ್ನ ಊಟದ ಡಬ್ಬಿ ತೆಗೆದುಕೊಂಡು, ಯಾರಿಗೂ ಹೇಳದೆ, ಅಂಗಳ ದಾಟಿ ಗೇಟಿನವರೆಗೆ ನಡೆದ.

ಹಿಂದಿನಿಂದ ಹೊಲಿಗೆ ಅಕ್ಕನ ದನಿ ಕೇಳಿಸಿತು.

“ಏ ನೂರಿಪ್ಪತ್ತೂ, ಒಂದ್ನಿಮಿಷ ನಿಂತ್ಕೊಳ್ಳಿ!”

ಅವನು ನಿಂತ. ಒಬ್ಬರಾದರೂ ನೆನೆಸಿಕೊಂಡರಲ್ಲ ಎಂದು ಕಣ್ಣೊರೆಸಿಕೊಂಡು ತಿರುಗಿದ.

ಹೊಲಿಗೆ ಅಕ್ಕ ಬನ್ನು ಹಿಡಿದುಕೊಂಡು, ಟಾಂಟಾಂ ಕುಳಿತಿದ್ದ ತಳ್ಳುಗಾಡಿಯ ಹಿಂದೆ ಓಡುತ್ತಿದ್ದಳು.